ನಾನೇ, ಬಾಗಿಲು ತೆಗೆ

ಆಫೀಸಿನಲ್ಲೂ ಸುತ್ತಮುತ್ತಲೂ ಅವನ ನಿಜವಾದ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವನು ‘ಇನ್ನೊಂದ್ಸಲ’. ಕೆಲಸ ಮುಗಿಯಿತಾ ಎಂದು ಯಾರು ಕೇಳಿದರೂ, “ಮುಗೀತು, ಇನ್ನೊಂದ್ಸಲ ನೋಡ್ಬಿಡ್ತೀನಿ” ಅನ್ನುವುದು ಅವನ ಅಭ್ಯಾಸ. ಬೆಳಿಗ್ಗೆ ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದವನು ಮತ್ತೆ ಹತ್ತಿಹೋಗಿ ಬೀಗ ಜಗ್ಗಿ ನೋಡುತ್ತಿದ್ದ. ಜಗ್ಗಿದ್ದು ಸಾಕಾಯಿತೋ ಇಲ್ಲವೋ ಎಂದು ಅರ್ಧ ದಾರಿಯಿಂದ ಪುನಃ ಹತ್ತುತ್ತಿದ್ದ. ಕೆಳಮನೆಯವರು, ಪಾಪ ಈ ಮನುಷ್ಯ ತೂಕ ಇಳಿಸಲು ಒದ್ದಾಡುತ್ತಿದ್ದಾನೆ ಎಂದುಕೊಂಡಿದ್ದರು.

ಆಫೀಸೆಂದರೆ ದೊಡ್ಡ ಕಟ್ಟಡವೇನಲ್ಲ, ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಒಂದು ಕೋಣೆ. ಗೋಡೆಯುದ್ದಕ್ಕೂ ಹಳೆಯ ಕಂಪ್ಯೂಟರುಗಳು, ಹಲ್ಲುದುರಿದ ಕೀಬೋರ್ಡುಗಳು, ಬಿಸ್ಕತ್ತಿನ ಡಬ್ಬಿಗಳಲ್ಲಿ ಫ್ಲಾಪಿಗಳು, ಫ್ಲಾಪಿ ಎಂದು ಬರೆದಿದ್ದ ಡಬ್ಬಿಯಲ್ಲಿ ಬಿಸ್ಕತ್ತು. ಕೆಲಸಕ್ಕಿದ್ದವರು ಯಜಮಾನಿ ಮತ್ತು ಅವನು. ಹಳೆಯ ಕಾಲದ ಸಾಹಸದ ಆಟಗಳನ್ನು ಈಗಿನ ಕಂಪ್ಯೂಟರುಗಳಲ್ಲಿ ಓಡುವ ಹಾಗೆ ಮಾಡಿ ಮತ್ತೆ ಬಿಡುಗಡೆ ಮಾಡುವುದು ಅವರ ಕಸುಬು.

ಗುಂಡು ಹಾರಿಸುವ, ಕಾರು ಓಡಿಸುವ ಆಟಗಳಲ್ಲ ಇವು. ಕಪ್ಪು ಪರದೆಯ ಮೇಲೆ ‘ನೀವು ಒಂದು ಕಾಡಿನಲ್ಲಿದ್ದೀರಿ’ ಎಂದು ಅಕ್ಷರ ಮೂಡುತ್ತದೆ. ನೀವು ‘ಉತ್ತರಕ್ಕೆ ಹೋಗು’ ಎಂದು ಟೈಪು ಮಾಡುತ್ತೀರಿ. ‘ಉತ್ತರಕ್ಕೆ ಹೊಂಡವಿತ್ತು. ಸತ್ತಿರಿ’ ಎಂದು ಅದು ಉತ್ತರಿಸುತ್ತದೆ. ಇಷ್ಟೇ. ಇಷ್ಟಕ್ಕೇ ಒಂದು ಕಾಲದಲ್ಲಿ ಜನ ಊಟ ತಿಂಡಿ ಬಿಟ್ಟು ಕೂತಿರುತ್ತಿದ್ದರು.

ಅಂಥ ಆಟಗಳಲ್ಲೊಂದು ‘ಉಸಿರಾಡುವ ಮನೆ’. ಇನ್ನೊಂದ್ಸಲ ಚಿಕ್ಕವನಿದ್ದಾಗ ಅದನ್ನು ಆಡಿದ್ದ, ಮುಗಿಸಿರಲಿಲ್ಲ. ಅದನ್ನೇ ಬಿಡುಗಡೆ ಮಾಡೋಣ ಎಂದು ಯಜಮಾನಿಯ ಹಿಂದೆ ಬಿದ್ದು, ಕಾಡಿ ಬೇಡಿ ಒಪ್ಪಿಸಿದ್ದ. ಏನನ್ನಾದರೂ ಮಾಡೋಣ ಎಂದು ಅವನಾಗಿಯೇ ಬಾಯಿಬಿಟ್ಟಿದ್ದು ಅದೇ ಮೊದಲು.

“ನಿನ್ನ ಮಾತಿಗೆ ಒಪ್ತಿದೀನಿ. ಆದ್ರೆ ಬರೆದೋರು ಅಕ್ಕ-ತಂಗಿ ಇಬ್ರೂ ಸಹಿ ಹಾಕ್ಬೇಕು. ಒಬ್ರು ಹಾಕ್ದೇ ಇದ್ರೂ ಆಟ ಕಪಾಟಿಗೆ, ಆಮೇಲೆ ನೀನು ಯಾವ ಆಟದ ಹೆಸರೂ ಎತ್ತೋ ಹಾಗಿಲ್ಲ” ಅಂದಿದ್ದರು ಯಜಮಾನಿ.

“ಹೂಂ” ಎಂದಿದ್ದ ಅವನು.

ಆ ಹೂಂ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಬೇರೆಯವರು ಯೋಚನೆ ಮಾಡಿ ಹೂಂ ಅನ್ನುತ್ತಾರೆ. ಅವನ ಹೂಂ ಮೊದಲು ಹೊರಗೆ ಬಂದುಬಿಡುತ್ತಿತ್ತು, ಯೋಚನೆ ಅದರ ಹಿಂದೆ ಏದುಸಿರು ಬಿಡುತ್ತ ಓಡಿ ಬರುತ್ತಿತ್ತು. ಎದುರಿನವರ ಮುಖ ಸಪ್ಪಗಾಗುವುದನ್ನು ನೋಡುವ ಶಕ್ತಿ ಅವನಿಗಿರಲಿಲ್ಲ. ದಾರಿಯಲ್ಲಿ ಯಾರಾದರೂ ತಪ್ಪು ವಿಳಾಸ ಹೇಳಿ ಇದೇನಾ ಎಂದು ಕೇಳಿದರೂ ಒಮ್ಮೆ ಹೂಂ ಅಂದು, ಆಮೇಲೆ ಅವರ ಹಿಂದೆ ಓಡಿಹೋಗಿ ಅಲ್ಲ ಎಂದು ಹೇಳಿ ಬರುವವನು.

ಆಟವನ್ನು ಹೊಸ ಕಂಪ್ಯೂಟರಿಗೆ ಹತ್ತಿಸುವುದೂ ಸುಲಭವಾಗಲಿಲ್ಲ. ಆಟದಲ್ಲಿ ಒಬ್ಬ ಕಾವಲುಗಾರ ಮನೆಯ ಸುತ್ತ ತಿರುಗುತ್ತಾನೆ. ಹಳೆಯ ಯಂತ್ರ ನಿಧಾನದ್ದು, ಅವನು ಒಂದು ಸುತ್ತು ಬರುವಷ್ಟರಲ್ಲಿ ನೀವು ಒಂದು ಲೋಟ ಟೀ ಮುಗಿಸಬಹುದಿತ್ತು. ಹೊಸ ಯಂತ್ರದಲ್ಲಿ ಅವನ ಕಾಲಿಗೆ ಚಕ್ರ ಕಟ್ಟಿದಂತಾಯಿತು. ‘ನೀವು ಒಂದು’ ಎಂದು ಓದುವಷ್ಟರಲ್ಲೇ ಅವನು ಸಾವಿರಾರು ಸುತ್ತು ಹಾಕಿ, ಅಷ್ಟೂ ಸಲ ನಿಮ್ಮನ್ನು ಹಿಡಿದು ಕೊಂದಿರುತ್ತಿದ್ದ.

“ಓದೋಕೆ ಮುಂಚೇನೇ ಸತ್ತಿರ್ತೀವಲ್ಲಪ್ಪ, ಇದೆಂಥ ಆಟ!” ಎಂದು ಯಜಮಾನಿ ಗದರಿದರು.

ಇನ್ನೊಂದ್ಸಲ ಕಾವಲುಗಾರನನ್ನು ಹಿಡಿದು ನಿಲ್ಲಿಸಿ, ನಡಿಗೆ ಕಲಿಸಿ, ಮುದುಕನ ಹಾಗೆ ನಡೆಸಿದ. ಮತ್ತೆ ಮತ್ತೆ ಟೀ ಕುಡಿದು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಿದ. ಆಟ ಓಡಿತು. ಉಳಿದದ್ದು ಸಹಿ.

ಅಕ್ಕ ಕತೆ ಬರೆದಿದ್ದರು, ತಂಗಿ ಪ್ರೋಗ್ರಾಮ್ ಬರೆದಿದ್ದರು. ಆಗ ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಭುಜಕ್ಕೆ ಭುಜ ತಾಗಿಸಿ ಕೂತು ಬರೆದವರು. ಈಗ ಇಬ್ಬರ ತಲೆಯೂ ಬೆಳ್ಳಗೆ. ಅಕ್ಕ ಕನ್ನಡಕದ ಅಂಗಡಿ ನಡೆಸಿ ಬಿಟ್ಟವರು, ತಂಗಿ ಲಿಫ್ಟ್ ಕೂರಿಸುವ ಕಂಪನಿಯಿಂದ ನಿವೃತ್ತರಾದವರು. ಇರುವುದು ಈಗಲೂ ಒಂದೇ ಮನೆ, ಅಕ್ಕ ಕೆಳಗೆ, ತಂಗಿ ಮೇಲೆ. ಮಾತು ಮಾತ್ರ ಇಲ್ಲ. ತಂಗಿಯ ರೇಡಿಯೋ ಜೋರಾದರೆ ಅಕ್ಕ ಪೊರಕೆಯ ಹಿಡಿಯಿಂದ ಸೂರಿಗೆ ಕುಟ್ಟುತ್ತಾರೆ. ಅಕ್ಕನ ಒಗ್ಗರಣೆಯ ಹೊಗೆ ಮೇಲೆ ಬಂದರೆ ತಂಗಿ ನೆಲಕ್ಕೆ ಹಿಮ್ಮಡಿ ಕುಟ್ಟುತ್ತಾರೆ. ಇಷ್ಟು ವರ್ಷದ ಅವರ ಮಾತುಕತೆಯೆಲ್ಲ ಇದೇ.

ಜಗಳ ಹುಟ್ಟಿದ್ದು ಒಂದೇ ಒಂದು ಪದದಿಂದ. ತೆಗೆ.

ಅಕ್ಕನ ಕತೆಯಲ್ಲಿ ‘ಬಾಗಿಲು ತೆಗೆ’ ಎಂದರೆ ಬಾಗಿಲು ಕಿರ್ರೆನ್ನಬೇಕು, ಒಳಗಿನ ಭೂತದ ಉಸಿರು ಮುಖಕ್ಕೆ ಬಡಿಯಬೇಕು, ಆಡುವವರ ಕೈಕಾಲು ತಣ್ಣಗಾಗಬೇಕು. ಪ್ರೋಗ್ರಾಮ್ ಬರೆಯುವಾಗ ತಂಗಿಯ ಕೈಗೆ ಮೊದಲು ಸಿಕ್ಕಿದ್ದು ‘ಪೆಟ್ಟಿಗೆಯಿಂದ ಕೀಲಿ ತೆಗೆ’ ಎಂಬ ವಾಕ್ಯ. ತೆಗೆ ಅಂದರೆ ಇದ್ದ ಜಾಗದಿಂದ ತೆಗೆದು ಚೀಲಕ್ಕೆ ಹಾಕು ಎಂದು ಅವರು ಬರೆದು ಮುಂದೆ ಹೋದರು. ಆಟ ಅಂಗಡಿಗೆ ಹೋಯಿತು. ಆಡಿದವರೆಲ್ಲ ಬಾಗಿಲ ಮುಂದೆ ನಿಂತು ‘ಬಾಗಿಲು ತೆಗೆ’ ಎಂದರು. ಆಟ ಹೇಳಿತು: ‘ತೆಗೆದಿರಿ. ಬಾಗಿಲು ಈಗ ನಿಮ್ಮ ಚೀಲದಲ್ಲಿದೆ.’

‘ತೆರೆ’ ಎಂದು ಟೈಪು ಮಾಡಿದ್ದರೆ ಬಾಗಿಲು ತೆರೆಯುತ್ತಿತ್ತು. ಆದರೆ ಮನೆಯಲ್ಲಿ ಯಾರು ಬಾಗಿಲು ತೆರೆ ಅನ್ನುತ್ತಾರೆ? ತೆರೆಯುವುದೇನಿದ್ದರೂ ಪುಸ್ತಕದಲ್ಲಿ. ಮನೆಯಲ್ಲಿ ಎಲ್ಲರೂ ತೆಗೆಯುವವರೇ.

ಹೀಗೆ ಹೆದರಿಸಬೇಕಾಗಿದ್ದ ಆಟ ನಗಿಸಿಬಿಟ್ಟಿತು. ಜನ ಮನೆಯ ಬಾಗಿಲುಗಳನ್ನೆಲ್ಲ ಕಿತ್ತು ಚೀಲಕ್ಕೆ ತುಂಬಿಕೊಂಡು ತಿರುಗಿದರು. ಭೂತ ಬಾಗಿಲು ತಟ್ಟಲೆಂದು ಬಂದು, ತಟ್ಟುವುದಕ್ಕೆ ಬಾಗಿಲೇ ಸಿಗದೆ, ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ಸು ಹೋಗುತ್ತಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನಿಗೆ ಮುಖ ಎತ್ತಿ ಓಡಾಡುವುದು ಕಷ್ಟವಾಯಿತು. ನಕ್ಕಿದ್ದಕ್ಕೇ ಆಟ ಮಾರಾಟವಾಯಿತು ಎಂದರು ತಂಗಿ. ಆ ಮಾತಿನ ಮೇಲೆ ಮಾತು ನಿಂತಿತು.

ಇನ್ನೊಂದ್ಸಲ ಮೊದಲು ಅಕ್ಕನ ಬಳಿ ಹೋದ. ಅವರು ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬಾಗಿಲು ತೆಗೆ ಅಂದ್ರೆ ಬಾಗಿಲು ತೆಗೀಬೇಕು. ಅಷ್ಟಾದ್ರೆ ಸಹಿ ಹಾಕ್ತೀನಿ.”

“ಅಂದ್ರೆ ತೆರೀಬೇಕು, ಅಲ್ವಾಮ್ಮ?”

“ಮತ್ತೇನು, ಕಿತ್ಕೊಂಡು ಹೋಗ್ಬೇಕಾ?”

“ಹೂಂ.”

“ಏನು ಹೂಂ? ಕಿತ್ಕೊಂಡು ಹೋಗ್ಬೇಕಾ?”

“ಅಯ್ಯೋ ಅಲ್ಲಮ್ಮ, ಮುಂಚೆ ಹೇಳಿದ್ರಲ್ಲ, ಅದಕ್ಕೆ ಹೂಂ.”

“ಜನ ಹೆದರ್ಲಿ ಅಂತ ಬರೆದಿದ್ದು ಕಣಪ್ಪ ನಾನು. ಒಬ್ಬರಾದ್ರೂ, ಒಂದೇ ಒಂದ್ಸಲ, ಹೆದರಿದ್ದು ನೋಡ್ಬೇಕು ನಂಗೆ.” ಆಮೇಲೆ ಸೂರಿನ ಕಡೆ ಕಣ್ಣು ಹಾಯಿಸಿ ಕೇಳಿದರು, “ಈಗ ಮೇಲೆ ಹೋಗ್ತೀಯಾ?”

“ಹೌದಮ್ಮ, ಮೇಲೆ ಹೋಗ್ಬೇಕು.”

“ಛೆ, ಇಷ್ಟು ಚಿಕ್ಕ ವಯಸ್ಸಿಗೆ” ಅಂದರು ಅಕ್ಕ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ತಂಗಿ ಮೇಲೆ ಅವನ ಹೆಜ್ಜೆ ಸದ್ದಿಗೇ ಕಾಯುತ್ತಿದ್ದರು. ಅವನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

“ಕೆಳಗಿನವರು ಏನಂದ್ರು?”

“ಅವರು... ಒಳ್ಳೇವ್ರು.”

“ಹಾಗಂತ ಅವರೇ ಹೇಳ್ಕೊಂಡ್ರಾ? ನೋಡಿ, ನಾನು ಬರೆದಿರೋದ್ರಲ್ಲಿ ಒಂದು ಸಾಲು ಅಳಿಸಿದ್ರೂ ಸಹಿ ಇಲ್ಲ. ಇಡೀ ಜನ್ಮ ಲಿಫ್ಟ್ ಕೆಲಸ ಮಾಡಿದೀನಿ. ಲಿಫ್ಟಿನ ಬಾಗಿಲು ತೆಗೀರಿ ಅಂತ ಕೆಳಗಿಂದ ಕೂಗಿದ್ರೆ ನಮ್ಮೋರು ಮೊದ್ಲು ಕೇಳ್ತಿದ್ರು, ಸುಮ್ನೆ ತೆಗೀಬೇಕಾ, ತೆಗೆದು ಪಕ್ಕಕ್ಕಿಡ್ಬೇಕಾ ಅಂತ. ಹೊಸಬ ಒಬ್ಬ ಕೇಳ್ದೇ ತೆಗೆದ. ನಾಲ್ಕನೇ ಮಹಡಿಯೋರು ವಾರವೆಲ್ಲ ಮೆಟ್ಟಿಲು ಹತ್ತಿದ್ರು. ತಪ್ಪು ಅವನದಲ್ಲ, ಪದದ್ದು. ನಂದೂ ಅಲ್ಲ. ತೆಗೆ ಅಂದ್ರೆ ತೆಗೆಯೋದೇ. ಬಾಗಿಲು ಚೀಲಕ್ಕೆ ಹೋಗ್ಬೇಕು. ಆಯ್ತಾ?”

“ಹೂಂ.”

ಯೋಚನೆ ಓಡಿ ಬಂದು ಅವನನ್ನು ಸೇರಿದ್ದು ಅವನು ಬೀದಿಗಿಳಿದ ಮೇಲೆ. ಹಿಂದಕ್ಕೆ ಹೋಗಿ ಅಲ್ಲ ಎನ್ನಬೇಕು. ಆದರೆ ಯಾರಿಗೆ? ಮೇಲೋ, ಕೆಳಗೋ? ಗೇಟಿನ ಬಳಿ ಸ್ವಲ್ಪ ಹೊತ್ತು ನಿಂತು, ಎರಡು ಕಿಟಕಿಯಿಂದಲೂ ಎರಡು ಮುಖ ಇಣುಕಿದ್ದನ್ನು ಕಂಡು, ಎರಡಕ್ಕೂ ಕೈಬೀಸಿ ಮನೆಗೆ ಹೋದ.

ಹೆಂಡತಿ ಬಟ್ಟೆ ಮಡಚುತ್ತ ಎಲ್ಲ ಕೇಳಿಸಿಕೊಂಡಳು.

“ಇಬ್ರಿಗೂ ಹೂಂ ಅಂದ್ರಾ?”

“ಅಂದ್ಬಿಟ್ಟೆ ಕಣೇ.”

“ಹೊಸದೇನಲ್ಲ ಬಿಡಿ. ಕಿಟಕಿ ಪರದೆಗೆ ನಿಮ್ಮಮ್ಮ ಹಸಿರು ಅಂದ್ರು, ಹೂಂ. ನಾನು ಕೇಸರಿ ಅಂದೆ, ಹೂಂ. ನೋಡಿ ಅಲ್ಲಿ.”

ಅವನು ನೋಡಿದ. ಕಿಟಕಿಯ ಅರ್ಧಕ್ಕೆ ಹಸಿರು, ಅರ್ಧಕ್ಕೆ ಕೇಸರಿ. ಅಮ್ಮ ಬಂದಾಗ ಹಸಿರನ್ನು ಎಳೆಯುವುದು, ಹೋದ ಮೇಲೆ ಕೇಸರಿಯನ್ನು ಎಳೆಯುವುದು. ಮನೆಯಲ್ಲಿ ಜಗಳವಾಗಿಲ್ಲ. ಅವನ ಕಣ್ಣು ಪರದೆಯ ಮೇಲೇ ನೆಟ್ಟಿತು.

“ಅಯ್ಯೋ ದೇವರೇ,” ಎಂದಳು ಹೆಂಡತಿ, “ನಾನು ಬೈದಿದ್ದು ರೀ, ಉಪಾಯ ಹೇಳಿಕೊಟ್ಟಿದ್ದಲ್ಲ.”

ಆದರೆ ಅಷ್ಟರಲ್ಲಿ ಅವನ ತಲೆಗೆ ಉಪಾಯ ಹೊಕ್ಕಾಗಿತ್ತು. ಆಟ ಶುರುವಾಗುವಾಗ ಮನೆಯೊಳಗಿಂದ ಒಂದು ದನಿ ‘ಯಾರು?’ ಎಂದು ಕೇಳುತ್ತದೆ, ಆಡುವವರು ಹೆಸರು ಟೈಪು ಮಾಡಬೇಕು. ಅಲ್ಲೇ ಕಣ್ಣಿಡೋಣ ಎಂದುಕೊಂಡ. ಅಕ್ಕನ ಹೆಸರು ಬಂದರೆ ತೆಗೆ ಅಂದರೆ ತೆರೆಯುವುದು. ತಂಗಿಯ ಹೆಸರು ಬಂದರೆ ತೆಗೆ ಅಂದರೆ ಚೀಲಕ್ಕೆ. ಇಬ್ಬರೂ ಅವರವರ ಆಟ ನೋಡಿ ಸಹಿ ಹಾಕುತ್ತಾರೆ. ಸುಳ್ಳೇನಲ್ಲ, ಇಬ್ಬರಿಗೂ ಕೊಟ್ಟ ಮಾತು ಉಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಅಷ್ಟಕ್ಕೆ ನಂಬಿಕೆ ಬರದೆ ಇನ್ನೊಂದು ಸಲ ಹೇಳಿಕೊಂಡ.

ಬರೆದ ಮೇಲೆ ಅವನ ನಿಜವಾದ ಕಷ್ಟ ಶುರುವಾಯಿತು. ಅಕ್ಕ ತಮ್ಮ ಹೆಸರಿನ ಕೊನೆಗೆ ದೀರ್ಘ ಕೊಟ್ಟರೆ? ಕೊಡಲಿ, ಅದಕ್ಕೊಂದು ಸಾಲು. ತಂಗಿ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರ ಹಾಕಿದರೆ? ಅದಕ್ಕೊಂದು ಸಾಲು. ಒತ್ತಕ್ಷರ ತಪ್ಪಿದರೆ? ಕನ್ನಡಕ ಮರೆತು ಪಕ್ಕದ ಗುಂಡಿ ಒತ್ತಿದರೆ? ಆ ಇಬ್ಬರು ಹೆಂಗಸರು ತಮ್ಮ ಹೆಸರನ್ನು ಎಷ್ಟು ವಿಧವಾಗಿ ತಪ್ಪು ಬರೆಯಬಹುದೋ ಅಷ್ಟನ್ನೂ ಅವನು ಯೋಚಿಸಿದ. ದಿನವೂ ಕೂತು ಒಮ್ಮೆ ಅಕ್ಕನಾಗಿ ಆಡಿದ, ಒಮ್ಮೆ ತಂಗಿಯಾಗಿ ಆಡಿದ. ಅಕ್ಕನಾದಾಗ ಬೆನ್ನು ನೆಟ್ಟಗೆ ಮಾಡುತ್ತಿದ್ದ, ತಂಗಿಯಾದಾಗ ಕುರ್ಚಿಗೆ ಒರಗುತ್ತಿದ್ದ. ಬೇರೆ ಯಾರಾದರೂ ಆಡಿದರೆ ಏನಾಗಬೇಕು ಎಂಬ ಪ್ರಶ್ನೆ ಒಮ್ಮೆ ಬಂದಿತ್ತು ನಿಜ. ಆಮೇಲೆ ತೀರ್ಮಾನಿಸೋಣ ಎಂದು ತೆರೆಯುವ ಸಾಲು, ಚೀಲಕ್ಕೆ ಹಾಕುವ ಸಾಲು ಎರಡನ್ನೂ ಹಾಗೇ ಬಿಟ್ಟು, ಮತ್ತೆ ದೀರ್ಘದ ಚಿಂತೆಗೆ ಹೋಗಿದ್ದ. ಎಲ್ಲವನ್ನೂ ಇನ್ನೊಂದು ಸಲ ನೋಡುವ ಮನುಷ್ಯ ಆ ಒಂದನ್ನು ಒಂದು ಸಲವೂ ನೋಡಿರಲಿಲ್ಲ.

ಇಬ್ಬರನ್ನೂ ಬೇರೆ ಬೇರೆ ದಿನ ಕರೆಸುವುದು ಅವನ ಲೆಕ್ಕಾಚಾರ. ಅದನ್ನು ಯಜಮಾನಿಗೆ ಹೇಳಬೇಕೆಂದುಕೊಂಡು ಬೆಳಿಗ್ಗೆ ಬಂದರೆ, ಯಜಮಾನಿ ಮೇಜಿನ ಮೇಲೆ ಬಟ್ಟೆ ಹಾಸಿ ಲೋಟ ಜೋಡಿಸುತ್ತಿದ್ದರು.

“ಇಬ್ರನ್ನೂ ಕರೆದಿದೀನಿ. ಈಗ ಬರ್ತಾರೆ.”

“ಇಬ್ರನ್ನೂ? ಒಟ್ಟಿಗೆ?”

“ಒಂದೇ ಮನೆಯಿಂದ ಬರೋರಿಗೆ ಎರಡು ದಿನ ಯಾಕೆ? ಆಡಿ ನೋಡ್ಲಿ, ಸಹಿ ಹಾಕ್ಲಿ, ನಾಳೆ ಬಿಡುಗಡೆ. ಯಾಕೋ ಹಾಗೆ ಬಿಳುಚ್ಕೊಂಡೆ? ಎಲ್ಲಾ ಸರಿ ಇದೆ ತಾನೇ?”

“ಹೂಂ” ಅಂದ ಅವನು.

ಬಂದರು. ಒಂದೇ ಆಟೋದಲ್ಲಿ ಬಂದಿದ್ದರು, ನಡುವೆ ಎರಡು ಕೈಚೀಲಗಳನ್ನು ಗೋಡೆಯ ಹಾಗೆ ಇಟ್ಟುಕೊಂಡು. ಮೆಟ್ಟಿಲ ಮೇಲೆ ಕೈಹಿಡಿ ಒಂದೇ ಕಡೆಯಿತ್ತು. ಅಕ್ಕ ಅದನ್ನು ಹಿಡಿದರು, ತಂಗಿ ಗೋಡೆ ಹಿಡಿದರು.

“ಅವರಿಗೆ ಹೇಳಿ,” ಎಂದರು ಅಕ್ಕ ಯಜಮಾನಿಗೆ, “ಮೊದಲು ನಾನು ಆಡ್ತೀನಿ ಅಂತ. ದೊಡ್ಡವಳು ನಾನು.”

“ಅವರಿಗೆ ಹೇಳಿ,” ಎಂದರು ತಂಗಿ, ಅವರೂ ಯಜಮಾನಿಗೇ, “ಆಡ್ಲಿ ಅಂತ. ನಾನು ಹಿಂದೆ ನಿಂತು ನೋಡ್ತೀನಿ. ನಿಂತು ನೋಡೋಕೆ ಯಾರ ಅಪ್ಪಣೆಯೂ ಬೇಡ.”

“ಹೇಳ್ತೀನಿ,” ಎಂದ ಯಜಮಾನಿ, ಯಾವ ಕಡೆ ತಿರುಗಿ ಹೇಳಬೇಕೆಂದು ಗೊತ್ತಾಗದೆ ಬಿಸ್ಕತ್ತು ತಂದಿಟ್ಟರು.

ಇನ್ನೊಂದ್ಸಲನ ಎದೆ ಕೀಲಿ ಕೊಟ್ಟ ಗೊಂಬೆಯ ಹಾಗೆ ಕಟಕಟ ಅನ್ನುತ್ತಿತ್ತು. ಅಕ್ಕ ಹೆಸರು ಬರೆಯುತ್ತಾರೆ, ಬಾಗಿಲು ತೆರೆಯುತ್ತದೆ, ಹಿಂದೆ ನಿಂತ ತಂಗಿ ಅದನ್ನು ನೋಡುತ್ತಾರೆ. ಅಲ್ಲಿಗೆ ಸಹಿ ಹೋಯಿತು, ಆಟ ಹೋಯಿತು, ತಾನು ಸುಳ್ಳ ಎಂದೂ ಆಯಿತು. ಕರೆಂಟಾದರೂ ಹೋಗಬಾರದೇ ಎಂದು ಬಲ್ಬಿನ ಕಡೆ ನೋಡಿದ. ಬಲ್ಬು ಎಂದಿಗಿಂತ ಚೆನ್ನಾಗಿ ಉರಿಯುತ್ತಿತ್ತು.

ಅಕ್ಕ ಕುರ್ಚಿಯಲ್ಲಿ ಕೂತು ಕನ್ನಡಕ ಸರಿಮಾಡಿಕೊಂಡರು. ಪರದೆ ಕಪ್ಪಾಯಿತು. ಅಕ್ಷರ ಮೂಡಿತು.

‘ಯಾರು?’

“ನೋಡಿ ಸೊಕ್ಕು!” ಎಂದರು ಅಕ್ಕ. “ನಾನು ಬರೆದ ಆಟ, ನನ್ನನ್ನೇ ಯಾರು ಅಂತ ಕೇಳುತ್ತೆ.” ಒಂದೊಂದೇ ಬೆರಳಿನಿಂದ ಟೈಪು ಮಾಡಿದರು. ಹೆಸರಲ್ಲ. ದೀರ್ಘವಿಲ್ಲ, ಒತ್ತಕ್ಷರವಿಲ್ಲ, ಮೊದಲಕ್ಷರವಿಲ್ಲ. ಬಾಗಿಲಾಚೆಯಿಂದ ಯಾರು ಎಂದು ಕೇಳಿದಾಗ ಲೋಕದಲ್ಲಿ ಎಲ್ಲರೂ ಏನು ಹೇಳುತ್ತಾರೋ ಅದನ್ನೇ ಬರೆದರು.

‘ನಾನೇ.’

ಇನ್ನೊಂದ್ಸಲನ ಬಾಯಿಂದ ಗಾಳಿ ತುಂಬಿದ ಚೆಂಡಿಗೆ ಸೂಜಿ ಚುಚ್ಚಿದಂಥ ಸದ್ದು ಬಂತು.

‘ನಾನೇ ಅವರೇ, ನೀವು ಒಂದು ಹಾಳುಮನೆಯ ಮುಂದೆ ನಿಂತಿದ್ದೀರಿ. ಬಾಗಿಲು ಮುಚ್ಚಿದೆ. ಒಳಗೆ ಯಾರೋ ಉಸಿರಾಡುತ್ತಿದ್ದಾರೆ.’

ಅಕ್ಕ ಬೆನ್ನು ನೆಟ್ಟಗೆ ಮಾಡಿ ‘ಬಾಗಿಲು ತೆಗೆ’ ಎಂದು ಟೈಪು ಮಾಡಿದರು.

‘ಬಾಗಿಲು ಕಿರ್ರೆಂದು ತೆರೆಯಿತು.’

“ಹಾಂ!” ಎಂದು ಅಕ್ಕ ಮೇಜಿಗೆ ಕೈ ಕುಟ್ಟಿದರು. “ನೋಡಿದ್ರಾ? ತೆರೀತು! ಅವರಿಗೆ ಹೇಳಿ, ತೆರೀತು ಅಂತ!”

ತಂಗಿಯ ಮುಖ ಬಿಗಿಯಿತು. ಅಷ್ಟರಲ್ಲಿ ಕೆಳಗೆ ಇನ್ನೊಂದು ಸಾಲು ಬಂತು.

‘ಬಾಗಿಲು ಈಗ ನಿಮ್ಮ ಚೀಲದಲ್ಲಿದೆ.’

“ಹಾಂ!” ಎಂದರು ತಂಗಿ. “ಅವರಿಗೂ ಹೇಳಿ! ಚೀಲದಲ್ಲಿದೆಯಂತೆ!”

“ತೆರೆದಿರೋ ಬಾಗಿಲು ಚೀಲದಲ್ಲಿ ಹ್ಯಾಗಿರುತ್ತೆ?” ಎಂದರು ಅಕ್ಕ.

“ಯಾಕಿರಬಾರ್ದು? ಮಡಚಿಟ್ಟಿರ್ಬಹುದು.”

“ಬಾಗಿಲನ್ನ ಮಡಚ್ತಾರಾ ಯಾರಾದ್ರೂ? ಹಾಸಿಗೆ ಏನೇ ಅದು?”

ಯಜಮಾನಿ ಮಧ್ಯೆ ಏನೋ ಹೇಳಲು ಬಾಯಿ ತೆರೆದವರು ಮುಚ್ಚಿಕೊಂಡರು. ಅಕ್ಕ ‘ಏನೇ’ ಎಂದಿದ್ದನ್ನು ಅವರು ಗಮನಿಸಿದ್ದರು. ಅಕ್ಕನಿಗೇ ಗೊತ್ತಾಗಿರಲಿಲ್ಲ.

“ಮುಂದೆ ಹೋಗು ನೋಡೋಣ” ಎಂದು ತಂಗಿ ಕುರ್ಚಿಯ ಬೆನ್ನು ಹಿಡಿದು ಬಾಗಿದರು. ಅಕ್ಕ ‘ಒಳಗೆ ಹೋಗು’ ಎಂದು ಟೈಪು ಮಾಡಿದರು. ಆಟ ಸ್ವಲ್ಪ ಯೋಚಿಸಿತು.

‘ನೀವು ಬಾಗಿಲ ಮೂಲಕ ಒಳಗೆ ಹೋದಿರಿ. ನೀವು ಈಗ ಚೀಲದಲ್ಲಿದ್ದೀರಿ. ಚೀಲದಲ್ಲಿರುವುದು: ಒಂದು ಬಾಗಿಲು, ನೀವು. ಚೀಲ ನಿಮ್ಮ ಹೆಗಲ ಮೇಲಿದೆ.’

ಕೆಳಗಿನ ಅಂಗಡಿಯಲ್ಲಿ ಯಾರೋ ಕೋಟಿನ ಗುಂಡಿ ಬಗ್ಗೆ ವಾದ ಮಾಡುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು.

“ನನ್ನ ಹೆಗಲ ಮೇಲಿರೋ ಚೀಲದಲ್ಲಿ ನಾನಿದೀನಿ” ಎಂದು ಅಕ್ಕ ನಿಧಾನವಾಗಿ ಹೇಳಿದರು. “ಹಾಗಾದ್ರೆ ಹೊತ್ಕೊಂಡಿರೋದು ಯಾರು?”

ಉತ್ತರವೆಂಬಂತೆ ಪರದೆಯ ಮೇಲೆ ಒಂದೊಂದೇ ಅಕ್ಷರ ಬಿದ್ದಿತು. ಅಕ್ಕನೇ ಎಂದೋ ಬರೆದ ಸಾಲುಗಳು. ಯಾವ ಆಟಗಾರನೂ ನಗುವುದು ಬಿಟ್ಟು ಓದಿರದ ಸಾಲುಗಳು.

‘ಕತ್ತಲು. ತೆರೆದ ಬಾಗಿಲಿನಿಂದ ಏನೋ ಒಳಗೆ ಬಂತು. ಈಗ ಇಲ್ಲಿ ತಿರುಗುವುದಕ್ಕೂ ಜಾಗವಿಲ್ಲ. ನಿಮ್ಮ ಕಿವಿಯ ಹತ್ತಿರ ಯಾರೋ ಉಸಿರಾಡುತ್ತಿದ್ದಾರೆ. ಅದು ನೀವಲ್ಲ.’

ಯಜಮಾನಿಯ ಕೈಯಿಂದ ಬಿಸ್ಕತ್ತು ಜಾರಿ ಟೀಗೆ ಬಿತ್ತು. ಇನ್ನೊಂದ್ಸಲ ತನ್ನ ಕಿವಿಯನ್ನು ತಾನೇ ಮುಚ್ಚಿಕೊಂಡ. ತಂಗಿ “ಅಮ್ಮಾ!” ಎಂದು ಚೀರಿ ಅಕ್ಕನ ಭುಜವನ್ನು ಗಬಕ್ಕನೆ ಹಿಡಿದುಕೊಂಡರು.

ಅಕ್ಕ ಮೆಲ್ಲಗೆ ತಲೆ ತಿರುಗಿಸಿ ಭುಜದ ಮೇಲಿನ ಕೈ ನೋಡಿದರು. ಕೈ ಸರ್ರನೆ ಹಿಂದೆ ಹೋಯಿತು.

“ಭೂತ ಯಾವಾಗ್ಲೂ ವಾಪಸ್ಸು ಹೋಗ್ತಿತ್ತಲ್ಲ!” ಎಂದರು ತಂಗಿ ಸೆರಗು ಸರಿಮಾಡಿಕೊಳ್ಳುತ್ತ. “ತೆರೆದ ಬಾಗಿಲು ಎಲ್ಲಿದೆಯೋ ಅಲ್ಲಿಗೇ ಬರ್ಬೇಕು ಅಂತ ನಾನೇ ಬರೆದಿದ್ದು. ಚೀಲದಲ್ಲಿರೋ ಬಾಗಿಲು ಯಾವತ್ತೂ ತೆರೆದಿರ್ಲಿಲ್ಲ... ಇದನ್ನ ಯಾರು ಹೀಗೆ ಮಾಡಿದ್ದು?”

ನಾಲ್ಕು ಕಣ್ಣುಗಳು, ಎರಡು ಕನ್ನಡಕಗಳು, ಇನ್ನೊಂದ್ಸಲನ ಕಡೆ ತಿರುಗಿದವು. ಓಡಿಹೋಗಲು ಬಾಗಿಲೊಂದಿತ್ತು, ಆದರೆ ಅದಕ್ಕೆ ಯಜಮಾನಿ ಅಡ್ಡ ನಿಂತಿದ್ದರು. ಅವನು ಎಲ್ಲ ಹೇಳಿಬಿಟ್ಟ. ಪರದೆ ಬಟ್ಟೆಯಿಂದ ಹಿಡಿದು ದೀರ್ಘದವರೆಗೆ ಎಲ್ಲ. ಕೊನೆಗೆ, “ನನ್ನದೇ ತಪ್ಪು, ಇಬ್ರಿಗೂ ಹೂಂ ಅಂದ್ಬಿಟ್ಟೆ. ನೀವು ಸಹಿ ಹಾಕ್ದಿದ್ರೂ ಸರಿ. ಆದ್ರೆ ನಿಜವಾಗ್ಲೂ ಈ ಆಟ ಕಪಾಟಿಗೆ ಹೋಗ್ಬಾರ್ದು ಅಂತ ಹಾಗೆ ಮಾಡಿದ್ದು” ಅಂದ.

“ಇವನು ನಿಂಗೆ ಏನಂತ ಹೇಳಿದ್ದ ಅಕ್ಕಾ?” ಎಂದರು ತಂಗಿ.

“ತೆರೆಯುತ್ತೆ ಅಂದಿದ್ದ. ನಿಂಗೆ?”

“ಚೀಲಕ್ಕೆ ಹೋಗುತ್ತೆ ಅಂದಿದ್ದ.”

“ನೋಡೋಕೆ ಹಾಲು ಕುಡಿದ ಮಗು ಥರ ಇದಾನೆ.”

“ನಂಗೆ ಅವತ್ತೇ ಅನುಮಾನ ಬಂತು. ಗೇಟಿನ ಹತ್ರ ನಿಂತು ಕೈ ಬೀಸ್ದ ನೋಡು!”

“ನಂಗೂ ಬೀಸ್ದ!”

“ನಿಂಗೂ ಬೀಸಿದ್ನಾ! ಅಬ್ಬಬ್ಬಾ!”

ಎಷ್ಟೋ ವರ್ಷದ ಬೈಗುಳ ಇಬ್ಬರಲ್ಲೂ ಬಾಕಿಯಿತ್ತು. ಅದನ್ನು ಒಬ್ಬರಿಗೊಬ್ಬರು ಕೊಡಲು ಆಗದೆ ಇಟ್ಟುಕೊಂಡಿದ್ದರು. ಈಗ ಹೊರಲು ಒಬ್ಬ ಸಿಕ್ಕಿದ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು ಬೈದರು. ಇನ್ನೊಂದ್ಸಲ ತಲೆ ತಗ್ಗಿಸಿ ಪ್ರತಿಯೊಂದಕ್ಕೂ ಹೂಂ ಅಂದ. ಈ ಸಲ ಅಷ್ಟೂ ನಿಜವಾದ ಹೂಂಗಳೇ.

“ಸಾಕು ಬಿಡೇ, ಅತ್ತುಬಿಟ್ಟಾನು” ಎಂದು ಕೊನೆಗೆ ಅಕ್ಕನೇ ಹೇಳಿದರು. “ಮೊದ್ಲು ನನ್ನನ್ನ ಈ ಚೀಲದಿಂದ ಹೊರಗೆ ತೆಗೀರಿ.”

“ಹೊರಗೆ ತೆಗೆ ಅಂದ್ರೆ...” ಎಂದು ತಂಗಿ ಶುರು ಮಾಡಿದರು.

“ಬಾಯಿ ಮುಚ್ಚು.”

ತಂಗಿ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ‘ಹೊರಗೆ ಹೋಗು’ ಎಂದರೆ ಆಟ ‘ಭೂತ ದಾರಿ ಬಿಡುತ್ತಿಲ್ಲ’ ಅಂದಿತು. ‘ಭೂತವನ್ನು ತಳ್ಳು’ ಎಂದರೆ ‘ಅದೂ ನಿಮ್ಮನ್ನು ತಳ್ಳುತ್ತಿದೆ’ ಅಂದಿತು. ‘ಕೂಗು’ ಎಂದರೆ ‘ಚೀಲದೊಳಗಿಂದ ಸದ್ದು ಬಂದಿದ್ದು ಕೇಳಿ ನೀವು ಬೆಚ್ಚಿದಿರಿ’ ಅಂದಿತು.

“ಅಕ್ಕಾ, ಚೀಲ ತೆಗೆ ಅನ್ನು.”

“ಬೇಡಮ್ಮ!” ಎಂದು ಇನ್ನೊಂದ್ಸಲ ಕೂಗಿದ. ಜೀವಮಾನದಲ್ಲಿ ಅವನು ಹೂಂ ಅನ್ನದೆ ಬೇರೆ ಮಾತು ಆಡಿದ್ದು ಅದೇ ಮೊದಲು ಅಂದರೂ ನಡೆದೀತು. ಆದರೆ ಅಕ್ಕನ ಬೆರಳು ಅಷ್ಟರಲ್ಲಿ ಒತ್ತಿಯಾಗಿತ್ತು.

‘ಚೀಲ ತೆರೆಯಿತು. ಚೀಲ ಈಗ ನಿಮ್ಮ ಚೀಲದಲ್ಲಿದೆ.’

ಕಂಪ್ಯೂಟರಿನ ಫ್ಯಾನು ವಿಮಾನದ ಹಾಗೆ ಮೊರೆಯಿತು. ‘ಚೀಲದಲ್ಲಿರುವುದು: ಚೀಲ. ಚೀಲದಲ್ಲಿರುವುದು: ಚೀಲ. ಚೀಲದಲ್ಲಿರುವುದು: ಚೀಲ’ ಎಂದು ಪರದೆ ಮೇಲಿಂದ ಕೆಳಗೆ ಸುರಿಯತೊಡಗಿತು. ಯಜಮಾನಿ ಓಡಿಹೋಗಿ ಪ್ಲಗ್ಗು ಕಿತ್ತರು. ಪರದೆ ಆರಿತು. ಮೊದಲು ತಂಗಿ ನಕ್ಕರು. ಅಕ್ಕ ತುಟಿ ಕಚ್ಚಿ ಹಿಡಿದು ನೋಡಿದರು, ಆಗಲಿಲ್ಲ. ನಗುತ್ತ ನಗುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಕನ್ನಡಕವೆಲ್ಲಿ ಎಂದು ಹುಡುಕಿದರು, ಅದು ತಂಗಿಯ ಕೈಯಲ್ಲಿತ್ತು.

“ಇವತ್ತೇ ಸರಿಮಾಡ್ತೀನಿ” ಎಂದು ಇನ್ನೊಂದ್ಸಲ ಕೈ ಜೋಡಿಸಿದ.

“ಮುಟ್ಟಬೇಡ!” ಇಬ್ಬರೂ ಒಟ್ಟಿಗೇ ಅಂದರು.

“ಮಿಷನ್ನು ನಿಲ್ಲದ ಹಾಗೆ ಒಂದು ಸಾಲು ಸೇರಿಸಿದ್ರೆ ಸಾಕು, ಅದನ್ನ ನಾನು ಹೇಳ್ತೀನಿ” ಎಂದರು ತಂಗಿ. “ಮಿಕ್ಕಿದ್ದು ಹಾಗೇ ಇರ್ಲಿ.”

“ಆಡೋರು ಚೀಲದಲ್ಲಿ ಸಿಕ್ಕಿಹಾಕಿಕೊಳ್ತಾರಲ್ಲ? ಹೊರಗೆ ಬರೋ ದಾರಿ ಬೇಡ್ವಾ?” ಎಂದರು ಯಜಮಾನಿ.

“ತೆರೆ ಅಂತ ಶುದ್ಧವಾಗಿ ಟೈಪು ಮಾಡಿದೋರಿಗೆ ಏನೂ ಆಗಲ್ಲ, ಬಾಗಿಲಿಂದ ನೆಟ್ಟಗೆ ಹೋಗ್ತಾರೆ” ಎಂದರು ತಂಗಿ. “ಪುಸ್ತಕದ ಹಾಗೆ ಮಾತಾಡೋರು ಬದುಕ್ತಾರೆ. ನಮ್ಮಂಥೋರು ಚೀಲಕ್ಕೆ.”

“ಭೂತದ ಮನೆಗೆ ಹೋದೋರು ಅಷ್ಟೂ ಕಷ್ಟಪಡದಿದ್ರೆ ಹೇಗೆ?” ಎಂದರು ಅಕ್ಕ. “ಸಹಿ ಎಲ್ಲಿ ಹಾಕ್ಬೇಕು, ತನ್ನಿ.”

ಯಜಮಾನಿ ಕಾಗದ ತಂದರು. ನೋಡಿದರೆ ಸಹಿಗೆಂದು ಒಂದೇ ಗೆರೆ. ಆತುರದಲ್ಲಿ ಹಾಗೆ ಮಾಡಿಸಿದ್ದರು. ಅಕ್ಕ, ಗೆರೆ ದೊಡ್ಡವರದು ಎಂದರು. ತಂಗಿ, ಗೆರೆ ಎಳೆಯುವ ಕೆಲಸ ಯಾವಾಗಲೂ ನನ್ನದೇ ಆಗಿತ್ತು ಎಂದರು. ಇಬ್ಬರೂ ಇನ್ನೊಂದ್ಸಲನ ಮುಖ ನೋಡಿದರು. ಅವನ ಬಾಯಿ ತೆರೆಯುವಷ್ಟರಲ್ಲಿ ಯಜಮಾನಿ ಅವನ ಕಾಲು ತುಳಿದರು.

ಕೊನೆಗೆ ಅಕ್ಕ ಎಡತುದಿಯಿಂದ ಶುರು ಮಾಡಿದರು. ತಂಗಿ ತಾಳಲಾರದೆ ಇನ್ನೊಂದು ಪೆನ್ನು ಎತ್ತಿಕೊಂಡು ಬಲಗಡೆಯಿಂದ ತೂರಿದರು. ಅಕ್ಕನ ಹೆಸರಿನ ಕೊನೆಯ ಅಕ್ಷರ ಹೋಗಿ ತಂಗಿಯ ಮೊದಲಕ್ಷರದ ಹೊಟ್ಟೆಗೆ ತಿವಿಯಿತು. ಎರಡು ಹೆಸರೂ ಸೇರಿ ಎಲ್ಲೂ ಇರದ ಒಬ್ಬ ಉದ್ದನೆಯ ಹೆಂಗಸಿನ ಹೆಸರಾಯಿತು. ಯಜಮಾನಿ ಅದನ್ನು ಬೆಳಕಿಗೆ ಹಿಡಿದು ನೋಡಿ, ನಡೆಯುತ್ತೆ ಎಂದರು. ಇನ್ನೊಂದ್ಸಲ ಅಲ್ಲೇ ಕುರ್ಚಿಯಲ್ಲಿ ಕುಸಿದ. ಸಮಾಧಾನಕ್ಕೋ, ತುಳಿತಕ್ಕೋ ಹೇಳುವುದು ಕಷ್ಟ.

ಅಕ್ಕ-ತಂಗಿ ಮೆಟ್ಟಿಲಿಳಿದು ಹೋಗುವುದು ಕೋಣೆಯವರೆಗೂ ಕೇಳಿಸುತ್ತಿತ್ತು.

“ನಿಜ ಹೇಳೇ. ಹೆದರಿದ್ಯಾ?”

“ನಾನ್ಯಾಕೆ ಹೆದರ್ಲಿ? ಪ್ರೋಗ್ರಾಮ್ ಬರೆದೋಳೇ ನಾನು.”

“ಅಮ್ಮಾ ಅಂತ ಚೀರಿದೆ.”

“ಕಾಲು ಉಳುಕಿತು.”

“ನಿಂತಲ್ಲೇ?”

ಹೆಜ್ಜೆಗಳು ಒಂದು ಗಳಿಗೆ ನಿಂತವು.

“ಸ್ವಲ್ಪ” ಎಂದಿತು ತಂಗಿಯ ದನಿ.

“ಸ್ವಲ್ಪ ಅಂದ್ರೆ ಎಷ್ಟು?” ಎಂದರು ಅಕ್ಕ, ಮತ್ತು ಆಟೋ ಸಿಗುವವರೆಗೂ, ಸಿಕ್ಕ ಮೇಲೂ, ಅದನ್ನೇ ಕೇಳುತ್ತ ಹೋದರು.